ಲೇಹ್ಯವುಂಟು, ಕೋಣೆಯಿಲ್ಲ

ಮನುಷ್ಯರ ಲೈಂಗಿಕ ಸುಖದ ಸಾಮರ್ಥ್ಯವನ್ನು ಕಾಪಾಡುತ್ತೇವೆ ಅಥವಾ ಹೆಚ್ಚಿಸುತ್ತೇವೆ ಎಂದು ಹೇಳಿ ಯಾವುದೇ ಔಷಧದ ಜಾಹೀರಾತು ನೀಡುವುದು ಈ ದೇಶದಲ್ಲಿ 1954ರ ಕಾಯ್ದೆಯೊಂದರ ಪ್ರಕಾರ ಅಪರಾಧ. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ 3ನೇ ಕಲಮು ಹಾಗೆ ಸಾರುತ್ತದೆ, ಮೊದಲ ಸಲ ಸಿಕ್ಕಿಬಿದ್ದವರಿಗೆ ಆರು ತಿಂಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು. ಈ ಕಲಮಿನ ಪ್ರಭಾವವನ್ನು ಕಣ್ಣಾರೆ ಕಾಣಬಯಸುವವರು ಯಾವುದಾದರೂ ಬಸ್ ನಿಲ್ದಾಣದ ಶೌಚಾಲಯದ ಗೋಡೆಯ ಮುಂದೆ ನಿಂತರೆ ಸಾಕು. ನರದೌರ್ಬಲ್ಯ, ಶೀಘ್ರಸ್ಖಲನ, ಗುಪ್ತರೋಗಗಳ ಪಟ್ಟಿಯ ಕೆಳಗೆ, ವೈದ್ಯ ಮಹಾಶಯರು ತಿಂಗಳ ಯಾವ ತಾರೀಕಿನಂದು ಯಾವ ಊರಿನ ಯಾವ ಲಾಡ್ಜಿನಲ್ಲಿ ದರ್ಶನ ನೀಡುತ್ತಾರೆಂಬುದು, ಅದೇ ನಿಲ್ದಾಣದ ಬಸ್ಸುಗಳ ವೇಳಾಪಟ್ಟಿಗಿಂತ ನಿಖರವಾಗಿ ಅಚ್ಚಾಗಿರುತ್ತದೆ. ಆರೋಪಿಯೇ ದಿನಾಂಕ, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಒದಗಿಸಿ ಕಾದು ಕುಳಿತಿರುವಾಗ, ಹುಡುಕುವ ಕೆಲಸವೇ ಇಲ್ಲದ ಕಡೆಗೆ ಪೊಲೀಸರು ಏಕೆ ಹೋಗಬೇಕು?

ಆಸೆ ಎಂಬುದು ತಿಂದು ತುಂಬಿಸಿಕೊಳ್ಳುವ ಪದಾರ್ಥವೆಂದು ನಾವು ಒಪ್ಪಿಕೊಂಡು ಬಹಳ ಕಾಲವಾಯಿತು. ಸಾರಿನಲ್ಲಿ ನಾಲ್ಕು ಹೋಳು ನುಗ್ಗೆಕಾಯಿ ಹೆಚ್ಚು ಬಿದ್ದರೆ ಪಂಕ್ತಿಯಲ್ಲಿ ಕುಳಿತ ಹಿರಿಯರು ಪರಸ್ಪರ ನೋಡಿಕೊಂಡು ನಗುತ್ತಾರೆ. ನುಗ್ಗೆಯಲ್ಲಿರುವುದು ನಾರು ಮತ್ತು ಸಿ ಜೀವಸತ್ವ ಎಂದು ಹೇಳಹೊರಟವರನ್ನು ರಸಹೀನರೆಂದು ಬದಿಗೊತ್ತಲಾಗುತ್ತದೆ. ಸಾರು ಸಾಲದವರು ಉಡದ ಎಣ್ಣೆಯನ್ನು ಅರಸುತ್ತಾರೆ. ವನ್ಯಜೀವಿ ಕಾಯ್ದೆ ಅತ್ಯುನ್ನತ ರಕ್ಷಣೆ ನೀಡಿರುವ ಆ ಪ್ರಾಣಿಗೆ, ತನ್ನ ಕೊಬ್ಬಿನಿಂದ ಅರವತ್ತರ ಗಂಡಸರು ಏನನ್ನು ನಿರೀಕ್ಷಿಸುತ್ತಿದ್ದಾರೆಂಬುದು ತಿಳಿದಿದ್ದರೆ ನಾಚಿಕೆಯಿಂದಲೇ ಬಿಲ ಸೇರುತ್ತಿತ್ತು.

ಇದಕ್ಕೆಲ್ಲ ಆಯುರ್ವೇದದ ಸಾಕ್ಷಿ ಹೇಳಿಸುವುದು ರೂಢಿ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ, ಅಂದರೆ ಕಾಮಶಕ್ತಿಯನ್ನು ಹೆಚ್ಚಿಸುವ ಚಿಕಿತ್ಸೆಯೂ, ಒಂದು ಎಂಬುದು ನಿಜ. ಹಾಲು, ತುಪ್ಪ, ಉದ್ದುಗಳನ್ನು ಚರಕಸಂಹಿತೆ ಧಾರಾಳವಾಗಿ ಹೊಗಳುತ್ತದೆ. ಉದ್ದಿಗೆ ಅಷ್ಟು ನೇರವಾದ ಮಹಿಮೆ ಇದ್ದಿದ್ದರೆ, ವಾಯುವಿಹಾರ ಮುಗಿಸಿ ದರ್ಶಿನಿಗಳ ಮುಂದೆ ನಿಂತು ಇಡ್ಲಿ ವಡೆ ತಿನ್ನುವ ಬೆಂಗಳೂರಿನ ನಿವೃತ್ತರು ಪಿಂಚಣಿಯ ವಿಚಾರವನ್ನೇ ಅಷ್ಟು ಹೊತ್ತು ಚರ್ಚಿಸುತ್ತಿರಲಿಲ್ಲ. ಅದೇ ಗ್ರಂಥ ವಾಜೀಕರಣಗಳಲ್ಲೆಲ್ಲ ಶ್ರೇಷ್ಠವಾದುದು ಹರ್ಷವನ್ನುಂಟುಮಾಡುವ ಹೆಣ್ಣು ಎಂದು ಆರಂಭದಲ್ಲಿಯೇ ಹೇಳಿಬಿಡುತ್ತದೆ. ಹರ್ಷವನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯಲು ಬಾರದಿರುವುದರಿಂದ ಲೇಹ್ಯದ ವ್ಯಾಪಾರಿಗಳು ಆ ಸಾಲನ್ನು ದಾಟಿ ಮುಂದಕ್ಕೆ ಓದುತ್ತಾರೆ.

ಡಬ್ಬಿಯೊಳಗೆ ಏನಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಸ್ವಾರಸ್ಯಕರ. ಎದೆನೋವಿಗೆಂದು ಪರೀಕ್ಷಿಸುತ್ತಿದ್ದಾಗ ಬೇರೆಯದೇ ಗುಣ ತೋರಿಸಿ, 1998ರಲ್ಲಿ ಅಮೆರಿಕದಲ್ಲಿ ವಯಾಗ್ರ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಸಿಲ್ಡೆನಾಫಿಲ್, ಶುದ್ಧ ಗಿಡಮೂಲಿಕೆ ಎಂದು ಬರೆದುಕೊಂಡ ಕ್ಯಾಪ್ಸೂಲುಗಳೊಳಗೆ ಗುಟ್ಟಾಗಿ ಬೆರೆತಿರುವುದನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಮತ್ತೆ ಮತ್ತೆ ಪತ್ತೆಮಾಡಿ ಎಚ್ಚರಿಸಿದೆ. ಹೃದ್ರೋಗಕ್ಕಾಗಿ ನಾಲಿಗೆಯಡಿ ನೈಟ್ರೇಟ್ ಮಾತ್ರೆ ಇಟ್ಟುಕೊಳ್ಳುವವರು ಸಿಲ್ಡೆನಾಫಿಲ್ ಸೇವಿಸಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಅಡ್ಡ ಪರಿಣಾಮಕ್ಕೆ ಹೆದರಿ ಇಂಗ್ಲಿಷ್ ಔಷಧಿಯನ್ನು ದೂರವಿಟ್ಟು ಬೇರುನಾರಿಗೆ ಶರಣಾದ ಹಿರಿಯರಿಗೆ ಆ ಇಂಗ್ಲಿಷ್ ಔಷಧಿಯೇ, ಪ್ರಮಾಣದ ಹಂಗಿಲ್ಲದೆ, ವೈದ್ಯರ ಚೀಟಿಯ ತೊಂದರೆಯೂ ಇಲ್ಲದೆ ದೊರೆಯುವ ಏರ್ಪಾಡು ಇದು.

ಊಟಕ್ಕೂ ಪ್ರಾಯಕ್ಕೂ ಆಸೆಗೂ ನಂಟಿಲ್ಲವೆಂದು ಯಾರೂ ಹೇಳುತ್ತಿಲ್ಲ. ಆ ನಂಟು ನುಗ್ಗೆಯ ಹೋಳಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮೂವತ್ತು ವರ್ಷ ದಿನಕ್ಕೆ ಮೂರು ಹೊತ್ತು ಬಡಿಸಿಕೊಂಡ ಬಿಳಿ ಅನ್ನ, ಸಕ್ಕರೆ ಮತ್ತು ಕುರ್ಚಿ ಬಿಟ್ಟು ಏಳದ ಅಭ್ಯಾಸದಲ್ಲಿದೆ. ಮಧುಮೇಹ ನರಗಳನ್ನೂ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ; ಗಂಡಸಿನ ಉದ್ರೇಕದ ತೊಂದರೆ ಎಷ್ಟೋ ವೇಳೆ ಹೃದ್ರೋಗದ ಮುನ್ಸೂಚನೆಯಾಗಿ ಬರುತ್ತದೆ. ಆದರೆ ಸಕ್ಕರೆ ಕಾಯಿಲೆಯ ವೈದ್ಯರು ಅರವತ್ತೈದರ ರೋಗಿಯ ಪಾದ, ಕಣ್ಣು, ಮೂತ್ರಪಿಂಡಗಳನ್ನೆಲ್ಲ ವಿಚಾರಿಸಿಯೂ ಈ ಒಂದು ಪ್ರಶ್ನೆಯನ್ನು ಕೇಳಲು ನಾಚುತ್ತಾರೆ, ರೋಗಿಯೂ ನಾಚುತ್ತಾರೆ. ನಾಚದವನು ಲಾಡ್ಜಿನಲ್ಲಿರುವವನೊಬ್ಬನೇ, ಆದ್ದರಿಂದ ಜನ ಅಲ್ಲಿಗೆ ಹೋಗುತ್ತಾರೆ.

ಇನ್ನು ಹೆಂಗಸರ ವಿಷಯ. ಗೋಡೆಗಳನ್ನು ತಲೆಯಿಂದ ಕಾಲಿನವರೆಗೆ ಓದಿದರೂ ಅವರ ಸುಖಕ್ಕೆಂದು ಒಂದು ಸಾಲು ಸಿಕ್ಕುವುದು ದುರ್ಲಭ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು ಯೋನಿಯಲ್ಲಿ ಒಣಗುವಿಕೆ, ಉರಿ, ನೋವು ಉಂಟಾಗುತ್ತವೆ; ಇದಕ್ಕೆ ಲೂಬ್ರಿಕೆಂಟ್ ಎಂಬ ಜಾರುಕದಿಂದ ಹಿಡಿದು ಹಚ್ಚುವ ಹಾರ್ಮೋನ್ ಮುಲಾಮಿನವರೆಗೆ ಸರಳ ಚಿಕಿತ್ಸೆಗಳಿವೆ. ಅವುಗಳ ಬದಲು ಐವತ್ತರ ಹೆಣ್ಣಿಗೆ ನಾವು ಕ್ಯಾಲ್ಸಿಯಂ ಮಾತ್ರೆ ಮತ್ತು ಮೊಮ್ಮಗುವನ್ನು ಕೊಡುತ್ತೇವೆ. ಗಂಡ ತಿಂಗಳುಗಟ್ಟಲೆ ಲೇಹ್ಯ ನೆಕ್ಕಿ ಸನ್ನದ್ಧನಾಗುವುದು ಯಾರಿಗಾಗಿ ಎಂಬುದನ್ನು ವೈದ್ಯ ಮಹಾಶಯರೂ ಯೋಚಿಸಿದಂತಿಲ್ಲ.

ಇಷ್ಟಾದ ಮೇಲೆ ಅರವತ್ತು ತುಂಬಿದಾಗ ನಾವೇ ಮುಂದೆ ನಿಂತು ಷಷ್ಟ್ಯಬ್ದಿ ಮಾಡಿಸುತ್ತೇವೆ. ದಂಪತಿಗೆ ಹಾರ ಬದಲಾಯಿಸಿ, ಮತ್ತೊಮ್ಮೆ ತಾಳಿ ಕಟ್ಟಿಸಿ, ಮೊಮ್ಮಕ್ಕಳ ಚಪ್ಪಾಳೆಯ ನಡುವೆ ಫೋಟೊ ತೆಗೆಸಿ, ಹೋಳಿಗೆಯ ಊಟ ಹಾಕಿಸುತ್ತೇವೆ. ಅಂದು ರಾತ್ರಿ ನವವರನಿಗೆ ಹಜಾರದ ದಿವಾನ, ನವವಧುವಿಗೆ ಮೊಮ್ಮಕ್ಕಳ ಕೋಣೆ. ಅವರಿಬ್ಬರೂ ಒಂದೇ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರೆ ಬೆಳಗ್ಗೆ ಮಗ ಸೊಸೆಯರಿಗೆ ಮುಖ ತೋರಿಸುವುದು ಹೇಗೆ? ಕೇಸರಿ ಬೆರೆಸಿದ ಬಾದಾಮಿ ಹಾಲನ್ನೂ ಮಾಡಿಸಿರುತ್ತೇವೆ, ಆದರೆ ಅದು ಬಂದ ನೆಂಟರಿಗೆ. ಸಕ್ಕರೆ ಕಾಯಿಲೆಯಿರುವ ವಧೂವರರಿಗೆ ಅದು ಹೇಗೂ ವರ್ಜ್ಯ.