ಬೆನ್ನು ಹಾಕಿ ನಿಂತ ಹುಡುಗ

ಕುವೈತಿಗೆ ಬಂದ ಹೊಸದು. ಸಹೋದ್ಯೋಗಿಯೊಬ್ಬರ ಕೀ ಚೈನ್ ನೋಡಿ, "ಈ ಹುಡುಗ ಯಾವ ಟಿವಿ ಕಾರ್ಟೂನಿನವನು?" ಅಂತ ಕೇಳಿಬಿಟ್ಟೆ. ಬರಿಗಾಲು, ತೇಪೆ ಬಟ್ಟೆ, ಹಿಂದಕ್ಕೆ ಕಟ್ಟಿದ ಕೈ. ಮುಖವೇ ಇಲ್ಲ. ಅವರು ಪ್ಯಾಲೆಸ್ಟೀನಿನವರು. "ಸದೀಕ್ (ಗೆಳೆಯ), ಇವನು ಹಂದಲ. ನಮ್ಮ ಮನೆ ಹುಡುಗ" ಅಂದರು. ನನಗೆ ಚುರುಕ್ಕೆಂದಿತು.

ಅವನನ್ನು ಬರೆದವರು ಪ್ಯಾಲೆಸ್ಟೀನಿನ ವ್ಯಂಗ್ಯಚಿತ್ರಕಾರ ನಾಜಿ ಅಲ್-ಅಲಿ. 1948ರಲ್ಲಿ ಊರು ಬಿಟ್ಟು ಲೆಬನಾನಿನ ನಿರಾಶ್ರಿತರ ಶಿಬಿರ ಸೇರಿದಾಗ ಅವರಿಗೆ ಹತ್ತರ ಆಸುಪಾಸು. ಹಂದಲನಿಗೂ ಹತ್ತೇ. ಊರಿಗೆ ಮರಳುವ ತನಕ ಬೆಳೆಯಲ್ಲ. ಅವನು ಹುಟ್ಟಿದ್ದು 1969ರಲ್ಲಿ, ಇದೇ ಕುವೈತಿನ ಅಲ್-ಸಿಯಾಸಾ ಪತ್ರಿಕೆಯಲ್ಲಿ. 1973ರಿಂದ ಲೋಕಕ್ಕೆ ಬೆನ್ನು ಹಾಕಿ ನಿಂತ. ಅರಬರಿಗೆ ಮಾನ ಮರಳಿದ ದಿನ ಮುಖ ತೋರಿಸ್ತಾನಂತೆ.

ನನಗೆ ಅರಬ್ಬಿ ಓದಲು ಬರಲ್ಲ. ಆದರೂ ಈ ಚಿತ್ರಗಳು ತಲುಪುತ್ತವೆ. ನಾಜಿಯವರ ನಾಯಕರಿಗೆ ಬೊಜ್ಜಿದೆ, ಕಾಲಿಲ್ಲ. ಸಿರಿಯಾದ ವ್ಯಂಗ್ಯಚಿತ್ರಕಾರ ಅಲಿ ಫರ್ಜಾತರ ಒಂದು ಚಿತ್ರದಲ್ಲಿ ಸೇನಾಧಿಕಾರಿ ಹಸಿದವನಿಗೆ ಊಟದ ಬದಲು ಪದಕ ಬಡಿಸುತ್ತಾನೆ. ಅಡಿಬರಹ ಯಾಕೆ ಬೇಕು?

ನಮ್ಮ ವ್ಯಂಗ್ಯಚಿತ್ರಗಳಲ್ಲಿ? ಮಂತ್ರಿಯ ಶಾಲಿನ ಮೇಲೆ ಅವನ ಹೆಸರು. ಅವನು ಬಿದ್ದ ಗುಂಡಿಯ ಮೇಲೆ 'ಭ್ರಷ್ಟಾಚಾರ' ಅನ್ನೋ ಬೋರ್ಡು. ಕೆಳಗೆ ಎರಡು ಸಾಲು ಮಾತು ಬೇರೆ. ವಾಟ್ಸಾಪಿನಲ್ಲಂತೂ ಫೋಟೋ ಮೇಲೆ ಸಿನಿಮಾ ಡೈಲಾಗು ಅಂಟಿಸಿದರೆ ಮುಗಿಯಿತು. ಓದುಗರಿಗೆ ಕಣ್ಣಿದೆ ಅಂತ ನಾವು ಯಾಕೆ ನಂಬಲ್ಲ? ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಒಂದು ಮಾತೂ ಆಡಿದವನಲ್ಲ. ಅಪ್ಪ ಪೇಪರ್ ಬಿಡಿಸಿದ ಕೂಡಲೇ ಹುಡುಕುತ್ತಿದ್ದುದು ಅವನನ್ನೇ. ಆದರೆ ಅವನ ಸುತ್ತ ಇದ್ದವರು ಮಾತಾಡುತ್ತಲೇ ಇದ್ದರು. ನಾವು ಕಲಿತದ್ದು ಆ ಮಾತನ್ನು, ಅವನ ಮೌನವನ್ನಲ್ಲ. ಇದು ನನಗೆ ನಿಜಕ್ಕೂ ಬೇಜಾರು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. 1987ರ ಜುಲೈ 22ರಂದು ಲಂಡನ್ನಿನಲ್ಲಿ ನಾಜಿಯವರಿಗೆ ಗುಂಡು ಹೊಡೆದರು. ಆಗಸ್ಟ್ 29ರಂದು ತೀರಿಕೊಂಡರು. 2011ರ ಆಗಸ್ಟಿನಲ್ಲಿ ಡಮಾಸ್ಕಸ್ಸಿನಲ್ಲಿ ಮುಸುಕುಧಾರಿಗಳು ಫರ್ಜಾತರ ಕೈಗಳನ್ನೇ ಮುರಿದರು. ಹೆಸರು ಬರೆಯದೆ ಚಿತ್ರ ಬರೆಯುವ ಜಾಣ್ಮೆಯ ಹಿಂದೆ ಸೆನ್ಸಾರಿನ ಕಣ್ಣು ತಪ್ಪಿಸುವ ಕಷ್ಟವೂ ಇತ್ತು. ಲಕ್ಷ್ಮಣರು ಐವತ್ತು ವರ್ಷಕ್ಕೂ ಜಾಸ್ತಿ ಪ್ರಧಾನಿಗಳ ಮೂಗು ಎಳೆದು ಬರೆದರು. 2015ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಹೋದರು. ಮಂತ್ರಿಯ ಹೆಸರನ್ನು ಅವನ ಶಾಲಿನ ಮೇಲೆಯೇ ಬರೆಯೋಕೆ ಆಗುತ್ತದಲ್ಲ, ಅದೂ ಸಣ್ಣ ವಿಷಯವಲ್ಲ. ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ಸಮಯ ಹಿಡಿಯಿತು.

ಮೊನ್ನೆ ಫೋನಿನಲ್ಲಿ ಆ ಸಹೋದ್ಯೋಗಿಗೆ ಶ್ರೀಸಾಮಾನ್ಯನನ್ನು ತೋರಿಸಿದೆ. ಚೌಕಳಿ ಕೋಟು, ಪಂಚೆ, ಕನ್ನಡಕ. ತುಂಬಾ ಹೊತ್ತು ನೋಡಿದರು. "ಇವನ ಮುಖ ಕಾಣುತ್ತದಲ್ಲ" ಅಂದರು.