ಜೆಡ್‌ಪಿಜಿ ಅಂದರೆ ಸೊನ್ನೆ ಮಕ್ಕಳಲ್ಲ

ಬೆಂಗಳೂರಿನ ಟ್ರಾಫಿಕ್ ಜಾಮ್‌ಗೆ ಹುಟ್ಟೋ ಮಕ್ಕಳೇ ಕಾರಣ ಅನ್ನುವ ನಿಮ್ಮ ಲೇಖನದಲ್ಲಿ ಜೆಡ್‌ಪಿಜಿ ಅಂದರೆ 'ಮಕ್ಕಳೇ ಬೇಡ' ಅನ್ನುವವರ ಗುಂಪು ಎಂದು ಬರೆದಿದ್ದೀರಿ. ಅದು ತಪ್ಪು ಸಾರ್. ಜೀರೋ ಪಾಪ್ಯುಲೇಷನ್ ಗ್ರೋತ್ ಅನ್ನೋದರ ಚುಟುಕು ರೂಪ ಅದು. ಸೊನ್ನೆ ಆಗಬೇಕಾದ್ದು ಬೆಳವಣಿಗೆ, ಮಕ್ಕಳಲ್ಲ. ಹುಟ್ಟುವವರೂ ಸಾಯುವವರೂ ಸರಿಸಮವಾದರೆ, ವಲಸೆ ಲೆಕ್ಕ ಬಿಟ್ಟು, ಜನಸಂಖ್ಯೆ ಇದ್ದಲ್ಲೇ ನಿಲ್ಲುತ್ತದೆ. ಅಷ್ಟೇ. ಅಮೆರಿಕದಲ್ಲಿ 1968ರಲ್ಲಿ ಜೀವವಿಜ್ಞಾನಿ ಪಾಲ್ ಎರ್ಲಿಕ್ ಮತ್ತಿತರರು ಇದೇ ಹೆಸರಲ್ಲಿ ಸಂಘಟನೆ ಕಟ್ಟಿದರು. 2002ರಲ್ಲಿ ಅದು ಪಾಪ್ಯುಲೇಷನ್ ಕನೆಕ್ಷನ್ ಆಯಿತು.

ನಮ್ಮಲ್ಲಿ 'ಆರತಿಗೊಬ್ಬಳು ಕೀರ್ತಿಗೊಬ್ಬ' ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಸರಿಯಾಗಿ ಹೇಳಬೇಕಂದ್ರೆ ಒಬ್ಬ ತಾಯಿಗೆ ಸರಾಸರಿ 2.1 ಮಕ್ಕಳು. ಹುಟ್ಟುವವರಲ್ಲಿ ಗಂಡುಮಕ್ಕಳು ಸ್ವಲ್ಪ ಹೆಚ್ಚು, ಎಲ್ಲ ಹೆಣ್ಣುಮಕ್ಕಳೂ ತಾಯಿಯಾಗುವ ವಯಸ್ಸು ಮುಟ್ಟಲ್ಲ ಅಲ್ವಾ, ಅದಕ್ಕೇ ಆ ಚೂರು ಜಾಸ್ತಿ.

ಕರ್ನಾಟಕ ಆಗಲೇ ಅದಕ್ಕಿಂತ ಕೆಳಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7. ಆದರೂ 2001ರಲ್ಲಿ 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆ 2011ಕ್ಕೆ 96 ಲಕ್ಷ ಆಗಿತ್ತು. ಅಷ್ಟೂ ಜನ ಹೆರಿಗೆ ವಾರ್ಡಿನಿಂದ ಬಂದವರಲ್ಲ. ಜಾಸ್ತಿ ಪಾಲು ಮೆಜೆಸ್ಟಿಕ್ಕಿನಲ್ಲಿ ಬ್ಯಾಗು ಹಿಡಿದು ಇಳಿದವರು. ಹಾಸನದಿಂದ ಬಂದ ನಾನೂ ಅವರಲ್ಲೊಬ್ಬ. ಸಿಲ್ಕ್ ಬೋರ್ಡ್ ಜಾಮ್‌ಗೆ ಸುಮ್ನೆ ಹುಟ್ಟೋ ಕೂಸುಗಳ ಮೇಲೆ ಗೂಬೆ ಕೂರಿಸಬೇಡಿ.