ತೋಟದ ಮನೆಯ ನಾಯಿ: ಕಟ್ಟೋದೋ, ಬಿಡೋದೋ?

ತೀರ್ಥಹಳ್ಳಿ ಕಡೆಯ ಒಂದೇ ಮನೆ, ಒಂದೇ ನಾಯಿ, ಹೆಸರು ಕರಿಯ. ಅತ್ತಿಗೆಗೆ ಸರಪಳಿ ಬೇಕು, ಮೈದುನನಿಗೆ ಬೇಡ. ಇಬ್ಬರೂ ಬರೆದಿದ್ದಾರೆ.

ಪರ: ಸರಪಳಿ ಇರಲಿ

ಹೋದ ವರ್ಷ ಮಾಘದಲ್ಲಿ ಒಂದು ಬೆಳಿಗ್ಗೆ ಕರಿಯ ಅನ್ನ ಮುಟ್ಟಲಿಲ್ಲ. ಹಾಲು ಹಾಕಿದರೆ ಮೂಸಿ, ಮುಖ ತಿರುಗಿಸಿ ಮಲಗಿದ. "ಎಲ್ಲೋ ಕೋಳಿ ಕರುಳು ತಿಂದು ಬಂದಿರ್ತಾನೆ, ಹುಲ್ಲು ತಿಂದು ಕಕ್ಕಿದರೆ ಸರಿಹೋಗ್ತಾನೆ" ಅಂದ ನನ್ನ ಮೈದುನ. ಮೂರನೇ ದಿನ ಮೂಗಿನಲ್ಲಿ ರಕ್ತ. ತುಟಿ ಎತ್ತಿ ನೋಡಿದರೆ ಗುಲಾಬಿ ಇರಬೇಕಾದ ವಸಡು ಸುಣ್ಣ ಬಳಿದ ಹಾಗಿತ್ತು. ಜೀಪಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಓಡಿದೆವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ನೆಲ ಕಚ್ಚಿತ್ತು. ಎರ್ಲಿಚಿಯಾ, ಅಂದರೆ ಉಣ್ಣೆ (ಉಣುಗು) ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ, ಒಂದು ಹೊತ್ತೂ ತಪ್ಪುವ ಹಾಗಿಲ್ಲ, ಖಾಲಿ ಹೊಟ್ಟೆಗೆ ಕೊಡುವ ಹಾಗಿಲ್ಲ. ಕಡುಬಿನ ತುಂಡಿನೊಳಗೆ ಹುದುಗಿಸಿ ಕೊಡುತ್ತಿದ್ದೆ. ಕಡುಬು ನುಂಗಿ ಮಾತ್ರೆಯನ್ನು ಮಾತ್ರ ನನ್ನ ಕಾಲ ಬುಡಕ್ಕೆ ಉಗುಳುವ ವಿದ್ಯೆ ಅವನಿಗೆ ಯಾರು ಕಲಿಸಿದರೋ. ಆಮೇಲೆ ಬೆಲ್ಲ ಸವರಿದೆ, ಬಾಳೆಹಣ್ಣು ಹಿಡಿದೆ, ಕೊನೆಗೆ ಬಾಯಿ ತೆರೆಸಿ ನಾಲಿಗೆಯ ಹಿಂದಕ್ಕೇ ಇಟ್ಟೆ. ಆ 28 ದಿನ ಮೈದುನ ಎಲ್ಲಿದ್ದ ಅಂತ ಕೇಳಬೇಡಿ. ಅಡಿಕೆ ಕೊಯ್ಲು.

ಅಂದಿನಿಂದ ನನ್ನ ವಾದ ಒಂದೇ: ಕಾಡಿನಂಚಿನ ಮನೆಯಲ್ಲಿ ನಾಯಿಯನ್ನು ಅದರ ಪಾಡಿಗೆ ಬಿಟ್ಟು ಸಾಕಬಾರದು.

ನಮ್ಮದು ಎಂಥ ಜಿಲ್ಲೆ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ, ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಬಂತೆಂದರೆ ನಮ್ಮ ಹಳ್ಳಿಗಳನ್ನು ಬಿಟ್ಟಿಲ್ಲ. ಮಂಗ ಸತ್ತು ಬಿದ್ದ ಜಾಗದಲ್ಲಿ ಉಣುಗು ಉದುರಿ ಸುತ್ತ ಹರಡಿರುತ್ತವೆ. ದರಗು (ಒಣಗಿದ ಎಲೆ) ತರಲು ಹೋಗುವಾಗ, ಉಣುಗು ಹತ್ತದ ಹಾಗೆ ಆಶಾ ಕಾರ್ಯಕರ್ತೆ ಕೊಟ್ಟ ಡೆಪಾ ಎಣ್ಣೆಯನ್ನು ನಾವು ಕೈಕಾಲಿಗೆ ಹಚ್ಚಿಕೊಳ್ಳುತ್ತೇವೆ, ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕುತ್ತೇವೆ. ಕರಿಯ? ಅದೇ ದರಗಿನಲ್ಲಿ ಹೊರಳಿ ಬಂದು ಜಗಲಿಯಲ್ಲಿ ಮೈ ಕೊಡವುತ್ತಾನೆ, ನನ್ನ ಮಗ ಹೋಗಿ ತಬ್ಬಿಕೊಳ್ಳುತ್ತಾನೆ. ನಾಯಿಯಿಂದ ನೇರವಾಗಿ ಆ ಕಾಯಿಲೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಎಳ್ಳುಕಾಳಿನಷ್ಟು ಉಣುಗನ್ನು ಮನೆಯೊಳಗೆ ಹೊತ್ತು ತರಲು ನಾಲ್ಕು ಕಾಲು, ಮೈತುಂಬ ಕೂದಲು ಸಾಕು.

ಉಳಿದದ್ದನ್ನೂ ಹೇಳಿಬಿಡುತ್ತೇನೆ. ಹಂದಿಗೆಂದು ಯಾರೋ ಬೇಲಿಯಲ್ಲಿ ಒಡ್ಡಿದ ಉರುಳು, ಹಿಟ್ಟಿನುಂಡೆಯೊಳಗೆ ಇಟ್ಟ ಸಿಡಿಮದ್ದು. ಇವೆರಡಕ್ಕೂ ಹಂದಿ ಯಾವುದು, ನಾಯಿ ಯಾವುದು ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ತೋಟದ ತುಂಬ ಮೈಲುತುತ್ತದ ಡ್ರಮ್ಮು. ಗದ್ದೆ ನೀರಿನಲ್ಲಿ ಇಲಿಜ್ವರ, ನಾಯಿಗೂ ಬರುತ್ತದೆ. ಇದರ ಮೇಲೆ ಕುರ್ಕ, ಅಂದರೆ ಚಿರತೆ. ಹಿಂದೆ ನಮ್ಮಲ್ಲೊಂದು ನಾಯಿ ಇತ್ತು, ಹೆಸರು ಟೈಗರ್. ಹೆಸರು ನೋಡಿ ಕುರ್ಕ ಹೆದರಲಿಲ್ಲ.

ಕಟ್ಟುವುದು ಅಂದರೆ ಕಂಬಕ್ಕೆ ಬಿಗಿಯುವುದಲ್ಲ. ಅಂಗಳದ ಈ ತುದಿಯಿಂದ ಆ ತುದಿಗೆ ತಂತಿ ಎಳೆದು, ಬಳೆ ಹಾಕಿ, ಸರಪಳಿ ಅದರ ಮೇಲೆ ಓಡುವ ಹಾಗೆ ಮಾಡಿದ್ದೇನೆ. ನೆರಳಿದೆ, ನೀರಿದೆ. ಬೆಳಿಗ್ಗೆ ಸಂಜೆ ರಸ್ತೆವರೆಗೆ ಹಿಡಿದುಕೊಂಡು ಹೋಗಿ ಬರುವುದು. ಹಿಡಿದುಕೊಂಡು ಹೋಗುವವರು ಯಾರು ಅನ್ನುವುದೇ ನಮ್ಮ ಮನೆಯ ನಿಜವಾದ ಜಗಳ.

ವಿರೋಧ: ಬಿಟ್ಟೇ ಸಾಕಿ, ಆದರೆ ನೋಡಿಕೊಂಡು

ಅತ್ತಿಗೆ ಬರೆದದ್ದರಲ್ಲಿ ಸುಳ್ಳಿಲ್ಲ. ಕೋಳಿ ಕರುಳು ಅಂದವನು ನಾನೇ, ಮೂರು ದಿನ ತಡವಾದದ್ದು ನನ್ನಿಂದಲೇ. ಆದರೆ ಅವರು ಬರೆಯದೆ ಬಿಟ್ಟ ಒಂದು ಮಾತಿದೆ. ಟೈಗರ್ ಹೋದ ರಾತ್ರಿ ಅವನು ಸರಪಳಿಯಲ್ಲೇ ಇದ್ದ. ಬೆಳಿಗ್ಗೆ ನಮಗೆ ಸಿಕ್ಕಿದ್ದು ಹರಿದ ಬೆಲ್ಟು. ಬಿಟ್ಟಿದ್ದರೆ ಜಗಲಿ ಹಾರಿ ಒಳಗೆ ನುಗ್ಗುತ್ತಿದ್ದನೋ ಏನೋ, ಕಟ್ಟಿದ ನಾಯಿ ಕುರ್ಕನಿಗೆ ಬಡಿಸಿಟ್ಟ ಎಲೆ. ರಾತ್ರಿ ನಾಯಿಗೆ ಬೇಕಾದದ್ದು ಅಗುಳಿ ಹಾಕಿದ ಬಾಗಿಲು. ಈಗ ಕರಿಯ ಕತ್ತಲಾಗುವ ಮೊದಲೇ ಸೌದೆ ಕೋಣೆಯೊಳಗೆ ಹೋಗುತ್ತಾನೆ, ಅಷ್ಟರ ಮಟ್ಟಿಗೆ ನಾವಿಬ್ಬರೂ ಒಂದೇ.

ಇನ್ನು ಜ್ವರದ ವಿಷಯ. ಅತ್ತಿಗೆ ಕಾಡನ್ನು ಬೈದರು. ಡಾಕ್ಟರ ಹತ್ತಿರ ಕೂತು ಕೇಳಿದವನು ನಾನು: ಎರ್ಲಿಚಿಯಾ ಹರಡುವುದು ಕಂದು ಬಣ್ಣದ ನಾಯಿ ಉಣ್ಣೆ, ಅದು ಕಾಡಿನದ್ದಕ್ಕಿಂತ ಹೆಚ್ಚಾಗಿ ನಾಯಿ ಮಲಗುವ ಜಾಗದ್ದು. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗೆ ಉದುರಿ, ಗೋಡೆಯ ಬಿರುಕಿನಲ್ಲಿ ಸೇರಿಕೊಂಡು ಸಾವಿರಾರು ಮೊಟ್ಟೆ ಇಡುತ್ತದೆ. ಮರಿಗಳಿಗೆ ಬೇಕಾದ ನಾಯಿ ದಿನಾ ಅದೇ ಗೋಡೆಗೆ ಒರಗಿ ಮಲಗಿರುತ್ತದೆ. ಮನೆಗೆ ಬಂದು ಟಾರ್ಚು ಹಿಡಿದು ನೋಡಿದೆ. ಅತ್ತಿಗೆಯ ತಂತಿಯ ತುದಿಯಲ್ಲಿರುವ ಜಂಬಿಟ್ಟಿಗೆ ಗೋಡೆಯ ಸಂದಿನಲ್ಲಿ ಸಾಲಾಗಿ ಹತ್ತುತ್ತಿದ್ದವು. ಗೋಣಿತಾಟು ಸುಟ್ಟೆ, ಸಂದಿಗೆ ಸಿಮೆಂಟು ಮೆತ್ತಿದೆ, ಗೋಡೆಗೆ ಔಷಧಿ ಹೊಡೆದೆ. ಕರಿಯನಿಗೆ ಈಗ ಮೂರು ತಿಂಗಳಿಗೊಮ್ಮೆ ಉಣ್ಣೆ ಸಾಯಿಸುವ ಅಗಿಯುವ ಮಾತ್ರೆ. ಅದರ ಬೆಲೆ ಕೇಳಿ ಅಣ್ಣ ಅವತ್ತಿನ ರಾಶಿ ಅಡಿಕೆ ದರ ನೋಡಿದ.

ಬಿಟ್ಟ ನಾಯಿ ಊರೂರು ತಿರುಗುವುದು ನಿಜ. ಕಾರ್ತಿಕ ಬಂದರೆ ಕರಿಯ ವಾರಗಟ್ಟಲೆ ಕಾಣೆಯಾಗಿ, ಕಿವಿ ಹರಿಸಿಕೊಂಡು ಬರುತ್ತಿದ್ದ. ಬೀಜ ತೆಗೆಸಿದ ಮೇಲೆ ತೋಟದ ಬೇಲಿಯೇ ಅವನ ಗಡಿ. ಹುಚ್ಚುನಾಯಿ ರೋಗಕ್ಕೂ ಸರಪಳಿ ಮದ್ದಲ್ಲ. ಹುಚ್ಚು ಹಿಡಿದ ನಾಯಿ ಅಂಗಳಕ್ಕೇ ಬರುತ್ತದೆ, ಕಟ್ಟಿದವನು ಓಡುವುದಾದರೂ ಎಲ್ಲಿಗೆ? ಮೂರು ತಿಂಗಳ ಮರಿಗೆ ರೇಬಿಸ್ ಚುಚ್ಚುಮದ್ದು, ಆಮೇಲೆ ವರ್ಷ ವರ್ಷ. ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ರೋಗಗಳು, ಇಲಿಜ್ವರ ಇವಕ್ಕೆ ಸೇರಿಸಿ ಇನ್ನೊಂದು. 2018ರಲ್ಲಿ ಗಿರ್ ಕಾಡಿನ ಸಿಂಹಗಳನ್ನು ಕೊಂದ ಡಿಸ್ಟೆಂಪರ್ ನಾಯಿಗಳಿಗೆ ಬರುವ ಅದೇ ರೋಗ. ಕಾಡಿನ ಪಕ್ಕ ನಾಯಿ ಸಾಕುವವನು ಈ ಸೂಜಿ ತಪ್ಪಿಸಿದರೆ ಅದು ಅವನ ಮನೆಯೊಳಗಿನ ತಪ್ಪಾಗಿ ಉಳಿಯುವುದಿಲ್ಲ.

ಮತ್ತೆ, ನಾವು ನಾಯಿ ತಂದದ್ದು ಯಾಕೆ? ಮಂಗಗಳ ಹಿಂಡು ತೋಟಕ್ಕೆ ಇಳಿದು ಎಳೆಯ ಅಡಿಕೆ ಚೀಪಿ ಎಸೆಯುವುದನ್ನು ನೋಡಿದವರಿಗೆ ಗೊತ್ತು. ಕವಣೆ, ಗರ್ನಾಲು, ತಗಡಿನ ಡಬ್ಬ ಎಲ್ಲ ಎರಡು ದಿನ. ಕರಿಯ ಮರದ ಬುಡಕ್ಕೆ ಓಡಿ ಒಂದೇ ಸಮ ಬೊಗಳಿದರೆ ಹಿಂಡು ಗುಡ್ಡ ಹತ್ತುತ್ತದೆ. ಬಚ್ಚಲ ಹಿಂದೆ ಕೊಳಕುಮಂಡಲ ಹಾವು ಬಂದದ್ದನ್ನು ಮೊದಲು ಹೇಳಿದವನೂ ಅವನೇ. ಸರಪಳಿಯಲ್ಲಿದ್ದ ಆ ನಾಲ್ಕು ತಿಂಗಳು ಅವನು ಮಾಡಿದ್ದು ಮೂರೇ ಕೆಲಸ: ಉಗುರು ಬೆಳೆಸಿದ, ಹೊಟ್ಟೆ ಬೆಳೆಸಿದ, ಅಡಿಕೆ ಗೊನೆ ಇಳಿಸಲು ಬರುವ ಕೊನೆಗಾರನ ಪ್ಯಾಂಟು ಹರಿದ. ಬಿಟ್ಟಿದ್ದಾಗ ಅದೇ ಕೊನೆಗಾರನ ಜೊತೆ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದವನು.

ಒಂದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಹೋದ ಮಳೆಗಾಲ ಕರಿಯ ಒಂದು ಕಾಡುಕುರಿ (ಬೊಗಳುವ ಜಿಂಕೆ) ಮರಿಯನ್ನು ಅಟ್ಟಿಕೊಂಡು ಹಳ್ಳದವರೆಗೆ ಹೋದ. ನಾನು ಕೂಗಿದ್ದು ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಮರಿ ತಪ್ಪಿಸಿಕೊಂಡಿತು ಅಂತ ಮನೆಯಲ್ಲಿ ಹೇಳಿದೆ. ತಪ್ಪಿಸಿಕೊಂಡದ್ದನ್ನು ನಾನು ನೋಡಿಲ್ಲ.

ಉಣುಗಿನ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಮೇವರೆಗೆ, ಜಗಲಿ ಹತ್ತುವ ಮೊದಲು ಅವನ ಮೈ ನೋಡುವುದು ನನ್ನ ಪಾಲಿನ ಕೆಲಸ ಅಂತ ಒಪ್ಪಂದ ಆಗಿದೆ. ನಿನ್ನೆ ಸಂಜೆ ಕಿವಿಯ ಮಡಿಕೆ, ಬೆರಳ ಸಂದು, ಬಾಲದ ಬುಡ ಎಲ್ಲ ಬಿಡಿಸಿ ನೋಡಿ, ಚಿಮಟದಲ್ಲಿ ಮೂರು ಉಣುಗು ತೆಗೆದು ಸೋಪಿನ ನೀರಿಗೆ ಹಾಕಿ, "ಮುಗೀತು ಅತ್ತಿಗೆ" ಅಂದೆ. ಅವರು ಕನ್ನಡಕ ಹಾಕಿಕೊಂಡು ಬಂದು ಕೂತರು. ಕುತ್ತಿಗೆಯ ಬೆಲ್ಟಿನಡಿ ಇನ್ನೂ ಐದಿದ್ದವು. ಐದರಲ್ಲಿ ನಾಲ್ಕು ಆ ಮಾತ್ರೆಯಿಂದ ಸತ್ತಿವೆ ನೋಡಿ ಅಂತ ತೋರಿಸಿದೆ.

"ಐದನೇದು?" ಅಂದರು.